ಜೋಳದ ದಂಟಿನ ತೋಳು

ಹಾಡು ಕೇಳುವಾಗ ನಮ್ಮ ಸಾಯನ್ಸ್ ಅಕ್ಕಾರು ಕಣ್ಣು ಮುಚ್ಚುತ್ತಿರಲಿಲ್ಲ. ಬೇರೆಯವರು ತಲೆ ತೂಗಿ, ತೊಡೆ ತಟ್ಟಿ ಖುಷಿಪಡುತ್ತಿದ್ದರೆ ಅವರು ಮಾತ್ರ ಒಲೆಯ ಮೇಲೆ ಹಾಲಿಟ್ಟವರ ಹಾಗೆ, ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದರು. ಮುಗಿದ ಮೇಲೆ ‘ಹೆಂಗಿತ್ರಿ?’ ಎಂದು ಕೇಳಿದರೆ ರಾಗದ ಬಗ್ಗೆ, ದನಿಯ ಬಗ್ಗೆ ಒಂದು ಮಾತಿಲ್ಲ. ‘ಸ ಅನ್ನೂದು ಶ ಕೇಳಸ್ತು. ಮುಳ್ಳು ಸರಿ ಕುಂತಿಲ್ಲ’ ಅನ್ನುತ್ತಿದ್ದರು. ಮೊದಮೊದಲು ನನಗೆ ಇದು ಒಣ ಸ್ವಭಾವ ಅನ್ನಿಸಿತ್ತು. ಇಂಥವರ ಹತ್ತಿರ ಹಾಡಿನ ಮಾತೇ ಎತ್ತಬಾರದು ಅಂದುಕೊಂಡಿದ್ದೆ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕಾರೇ. ನಾನೂ ಒಬ್ಬ ಅಕ್ಕಾರು, ಹೊಲಿಗೆ ಕಲಿಸುವಾಕೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮನ್ನು ಹೊಗಳುವುದು ಅವರಿಗೆ ಸೇರುತ್ತಲೇ ಇರಲಿಲ್ಲ. ಅವರ ಬೀಳ್ಕೊಡುಗೆಯ ದಿನ ಮಾನಪತ್ರ ಓದಲು ಎದ್ದ ಮುಖ್ಯಾಧ್ಯಾಪಕಿಯನ್ನು ‘ಕುಂದರ್ರಿ ಬಾಯಾರ, ಹುಡಿಗ್ಯಾರಿಗೆ ಹಸಿವ್ಯಾಗೇತಿ’ ಎಂದು ಕೂರಿಸಿದವರು ಅವರು. ಹೋದ ವರ್ಷ ತೀರಿಕೊಂಡರು. ಈಗ ನಾನು ಬರೆದರೆ ಕೂರಿಸುವವರಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ವಿಜಾಪುರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದರು. ತಿಕೋಟಾದವರು. ಕೂಲಿ ಮಾಡುವ ಮನೆಯಿಂದ ಬಂದು, ಹಾಸ್ಟೆಲುಗಳಲ್ಲಿದ್ದು ಬಿ.ಎಸ್ಸಿ. ಓದಿದ್ದರು. ಅವರ ಮನೆಯವರೆಲ್ಲ ಆಗಷ್ಟೇ ಬೌದ್ಧರಾಗಿದ್ದರು. ಎತ್ತರದ ಆಳು, ಬಿರುಸು ನಡಿಗೆ. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಬಾಗಿಲಲ್ಲೇ ನಿಂತು ಮೊದಲು ತಾವೇ ಹೇಳಿಬಿಡುತ್ತಿದ್ದರಂತೆ: ‘ನಾವು ಬೌದ್ಧರ್ರಿ. ಆಗೂದಿದ್ರ ಕೀಲಿ ಕೊಡ್ರಿ, ಆಗಲಿಲ್ಲಂದ್ರ ಬಿಸಲಾಗ ನಿಂದ್ರಸಬ್ಯಾಡ್ರಿ.’ ಎಷ್ಟೋ ಬಾಗಿಲು ತಿರುಗಿದ ಮೇಲೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ ಎರಡು ಖೋಲಿ ಕೊಟ್ಟಳು. ‘ಬಾಡಿಗಿ ರೊಕ್ಕ ಬೌದ್ಧರದಾದ್ರ ಸವಕಲಾಗಿರತೈತೇನ?’ ಎಂದಳಂತೆ. ಆ ಮುದುಕಿಯನ್ನು ಅಕ್ಕಾರು ಕೊನೆಯವರೆಗೂ ‘ನಮ್ಮ ಯವ್ವ’ ಅನ್ನುತ್ತಿದ್ದರು.

ಅವರ ಮಾತು ಹರಿತ. ಚಹಾ ಮಾಡಿದರೆ ಕುಡಿಯುವ ಹಾಗಿರುತ್ತಿರಲಿಲ್ಲ. ಹುಡುಗಿಯರ ಹೆಸರು ನೆನಪಿಡುತ್ತಿರಲಿಲ್ಲ, ಎಲ್ಲರೂ ‘ಏ ಪೋರಿ’. ಆದರೆ ಯಾವ ಪೋರಿಯ ದನಿ ಯಾವುದೆಂದು ತಪ್ಪುತ್ತಿರಲಿಲ್ಲ. ಹಲಗೆಯ ಕಡೆ ಮುಖ ಮಾಡಿ ಬರೆಯುತ್ತಲೇ ‘ಮೂರನೇ ಸಾಲಿನ್ಯಾಕಿ, ಇವತ್ತ ನೆಗಡಿ ಆಗೇತಿ. ಮನಿಗೆ ಹೋಗಿ ಮಲಕೋ’ ಅನ್ನುತ್ತಿದ್ದರು.

ನನ್ನ ಕತೆ ಹೇಳದೆ ಅವರ ಕತೆ ಮುಂದೆ ಸಾಗದು. ಹದಿನೇಳರ ವಯಸ್ಸಿನಲ್ಲಿ ನಾನೊಂದು ರೆಕಾರ್ಡಿಗೆ ಹಾಡಿದ್ದೆ. ಸಂಗೀತ ಕಲಿಸುತ್ತಿದ್ದ ಗುರುಗಳು ಮುಂಬೈಗೆ ಕರೆದುಕೊಂಡು ಹೋಗಿದ್ದರು. ಒಂದು ಬದಿಗೆ ದೇವರ ಪದ, ಇನ್ನೊಂದು ಬದಿಗೆ ಭಾವಗೀತೆ. ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯನ್ನು ‘ಪ್ಲೇಟಿನ್ಯಾಗ ಹಾಡಿದಾಕಿ ಮನಿ’ ಎಂದು ತೋರಿಸುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ಗಂಟಲಲ್ಲಿ ಗಡ್ಡೆ ಎದ್ದಿತು. ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮಾತಿಗೆ ಸಾಲುವಷ್ಟು ಒಂದು ಒಡಕು ದನಿ ಉಳಿಯಿತು, ಹಾಡಿಗೆ ಏನೂ ಉಳಿಯಲಿಲ್ಲ. ತಂಬೂರಿ ಗವಸಿನೊಳಗೆ ಹೋಯಿತು, ನಾನು ಹೊಲಿಗೆ ಯಂತ್ರದ ಮುಂದೆ ಕೂತೆ.

ಆ ರೆಕಾರ್ಡಿನ ಒಂದೇ ಒಂದು ಪ್ರತಿ ನಮ್ಮಲ್ಲಿ ಉಳಿದಿತ್ತು. ನನ್ನ ದನಿ ಇದ್ದ ಕಾಲದಲ್ಲಿ ಅದನ್ನು ಮದುವೆ ಮನೆಗಳಿಗೆಲ್ಲ ಕೊಟ್ಟಿದ್ದೆವು. ಕೀಲಿ ಕೊಡುವ ಗ್ರಾಮಫೋನು, ಉಕ್ಕಿನ ಮುಳ್ಳು. ಹಾಕಿದಷ್ಟು ಸಲವೂ ಅದು ಕೆರೆಯುತ್ತಲೇ ಹೋಗಿ, ಕಪ್ಪಗೆ ಮಿಂಚುತ್ತಿದ್ದ ರೆಕಾರ್ಡು ಬೂದಿ ಬಣ್ಣಕ್ಕೆ ತಿರುಗಿತ್ತು. ಕೊನೆಯ ಸಲ ಹಾಕಿದಾಗ ಕಡಲೆ ಹುರಿಯುವ ಸದ್ದಿನ ಹಿಂದೆ ಎಲ್ಲೋ ನಾನು ಹಾಡುತ್ತಿದ್ದೆ. ಅವತ್ತೇ ಅದನ್ನು ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಅವ್ವ ಆಗಾಗ ‘ಒಮ್ಮೆ ಹಚ್ಚಲ್ಲ ಬೇ’ ಅನ್ನುತ್ತಿದ್ದಳು. ನಾನು ಹಚ್ಚಲಿಲ್ಲ. ಸಾಲಿಯವರು ಹುಡುಗಿಯರಿಗೆ ಹಾಡು ಕಲಿಸು ಅಂದರೂ ಒಲ್ಲೆ ಅಂದೆ. ಹಾಡಲಾರದವಳು ಏನು ಕಲಿಸಬೇಕು?

ಅರವತ್ತರ ದಶಕದ ಶುರುವಿನಲ್ಲಿ ಪೇಟೆಯ ವ್ಯಾಪಾರಿಯೊಬ್ಬರು ಸಾಲಿಗೆ ಕರೆಂಟಿನ ರೆಕಾರ್ಡ್ ಪ್ಲೇಯರ್ ದಾನ ಕೊಟ್ಟರು. ಅದರ ಉಸ್ತುವಾರಿ ಸಾಯನ್ಸ್ ಅಕ್ಕಾರಿಗೆ ಬಂತು. ಮೊದಲ ದಿನವೇ ಮುಳ್ಳು ಹೊತ್ತ ಅದರ ತೋಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಅವರು ಮುಖ ಸಿಂಡರಿಸಿದರು. ‘ಏನ ಭಾರ ಐತಿ! ಇದು ಹಾಡಸೂದಲ್ಲ, ನೇಗಿಲಾ ಹೊಡ್ಯೂದು.’

ನಾನು ನಕ್ಕೆ. ಪಕ್ಕದಲ್ಲಿದ್ದ ಗಣಿತದ ಅಕ್ಕಾರು ‘ಇವರದೂ ಒಂದು ಪ್ಲೇಟ ಐತ್ರಿ’ ಎಂದುಬಿಟ್ಟರು.

ಸಾಯನ್ಸ್ ಅಕ್ಕಾರು ನನ್ನ ಕಡೆ ತಿರುಗಿದರು. ‘ನಿಂದೇನ? ತಾ ನೋಡೂಣು.’

‘ಇಲ್ರಿ ಅಕ್ಕಾರ. ಒಂದ ಉಳದೈತಿ. ಹಚ್ಚಿದ್ರ ಅಷ್ಟ ಸವೀತೈತಿ.’

‘ಹಚ್ಚೂದು ಬ್ಯಾಡ. ಬರೇ ನೋಡತೇನಿ.’

ಮರುದಿನ ತಂದೆ. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ‘ನೋಡಿಲ್ಲೆ. ಈ ಗೆರಿ ಅನ್ನೂದು ಹಳ್ಳ ಇದ್ದಂಗ, ಎರಡೂ ಕಡೆ ದಂಡಿ. ಉಕ್ಕಿನ ಮುಳ್ಳು ಕೆಳಗ ಹೋಗಿ ಅಲ್ಲೇ ಕೆರಕೋತ ಬಂದೈತಿ. ಮ್ಯಾಲಿನ ದಂಡಿ ಇನ್ನೂ ಹಂಗ ಐತಿ. ತುಸು ದಪ್ಪ ತುದಿದು, ಹಗೂರ ಕುಂದರೂವಂಥಾ ಮುಳ್ಳು ಸಿಕ್ರ, ಅದು ಕೆಟ್ಟ ಜಾಗಾ ಮುಟ್ಟಂಗಿಲ್ಲ. ದಂಡಿ ಹಿಡದ ಹೋಗತೈತಿ.’

‘ಅಂದ್ರ ಕೇಳಸತೈತೇನ್ರಿ?’

‘ನಾ ಹಂಗ ಅಂದಿಲ್ಲ’ ಎಂದು ರೆಕಾರ್ಡನ್ನು ತಿರುಗಿ ಸೀರೆಯಲ್ಲಿ ಸುತ್ತಿ ಕೊಟ್ಟರು. ಆಸೆ ಹುಟ್ಟಿಸಿ ಕೈಬಿಡುವ ಜಾತಿಯವರಲ್ಲ ಅವರು, ಸುಮ್ಮನೆ ಆಸೆ ಹುಟ್ಟಿಸುವವರೂ ಅಲ್ಲ.

ಅವರ ತಮ್ಮ ಮುಂಬೈಯ ಗಿರಣಿಯಲ್ಲಿದ್ದ. ಅವನ ಗೆಳೆಯನೊಬ್ಬ ರೇಡಿಯೋ ರಿಪೇರಿ ಮಾಡುವವ. ಅವರಿಬ್ಬರನ್ನೂ ಕಾಡಿ ಅಕ್ಕಾರು ಒಂದು ಹೊಸ ಪಿಕಪ್ಪು ತರಿಸಿದರು. ಮುಳ್ಳು ಕೂತಿರುವ, ಹುಣಸೆಬೀಜದಷ್ಟು ಸಣ್ಣ ಡಬ್ಬಿ, ಮುಂಬೈಯವರು ಅದಕ್ಕೆ ಕಾರ್ಟ್ರಿಜ್ ಅನ್ನುತ್ತಿದ್ದರು. ಅದರ ಮುಳ್ಳು ಎಷ್ಟು ಮೆತ್ತಗಿತ್ತೆಂದರೆ ಉಸಿರು ಬಿಟ್ಟರೆ ಅಲುಗುತ್ತಿತ್ತು. ಸಾಲಿಯ ಪ್ಲೇಯರಿನ ತೋಳಿಗೆ ಅದನ್ನು ಸಿಕ್ಕಿಸಿ, ತಾವು ಕೊಂಡಿದ್ದ ಒಂದು ರೆಕಾರ್ಡು ಹಾಕಿದರು. ಸ್ವಲ್ಪ ಹೊತ್ತು ಗುಂಯ್ ಅಂದಿತು, ತೋಳು ನೀರಲ್ಲಿ ಬಿದ್ದ ಬಿಂದಿಗೆಯ ಹಾಗೆ ಮೇಲೆ ಕೆಳಗೆ ಆಡಿತು, ಮುಳ್ಳು ಡಬ್ಬಿಯ ಹೊಟ್ಟೆ ಸೇರುವಷ್ಟು ಕುಸಿದು ಗೆರೆ ಬಿಟ್ಟು ಅಡ್ಡಕ್ಕೆ ಜಾರಿತು. ಅಕ್ಕಾರ ರೆಕಾರ್ಡಿನ ಮೇಲೆ ಉದ್ದಕ್ಕೆ ಒಂದು ಬಿಳಿ ಗೀರು.

ಅಲ್ಲಿ ನನ್ನ ರೆಕಾರ್ಡಿದ್ದರೆ?

ಅಕ್ಕಾರು ಗೀರಿನ ಕಡೆ ನೋಡಲೂ ಇಲ್ಲ. ‘ಎಳಿ ಹೋರಿ, ಮುದಿ ಎತ್ತು ಕೂಡಿಸಿ ಹೂಡಿದ್ರ ಏನಾಕ್ಕೈತಿ? ಒಂದು ಎಳೀತೈತಿ, ಒಂದು ನಿಂದರತೈತಿ. ಇಲ್ಲೆ ಮುಳ್ಳಿನ ತಪ್ಪಿಲ್ಲ, ತೋಳಿನ ತಪ್ಪೂ ಇಲ್ಲ. ಜೋಡಿ ಕೂಡಿಲ್ಲ ಅಷ್ಟ. ಮುಳ್ಳು ಬದಲಾಗಂಗಿಲ್ಲ. ತೋಳ ಮಾಡೂಣು.’

ಆ ‘ಮಾಡೂಣು’ ಅನ್ನುವುದರಲ್ಲಿ ನಾನು ಯಾವಾಗ ಸೇರಿಕೊಂಡೆನೋ ತಿಳಿಯಲಿಲ್ಲ. ಸಾಲಿ ಬಿಟ್ಟ ಮೇಲೆ ಪ್ರಯೋಗದ ಖೋಲಿಯಲ್ಲಿ ನಾವಿಬ್ಬರೇ. ಛತ್ರಿಯ ಕಡ್ಡಿ ಬಳುಕಿತು. ಅಲ್ಯುಮಿನಿಯಂ ನಳಿಗೆ ಹಾಡಿನ ಜತೆ ತಾನೂ ಟಿಂಯ್ ಎಂದು ಹಾಡತೊಡಗಿತು. ಬಿದಿರು ಗಟ್ಟಿ, ಆದರೆ ಭಾರ. ತೋಳು ಹಗುರ ಇರಬೇಕು, ಆದರೆ ಬಾಗಬಾರದು, ತನ್ನದೇ ಸದ್ದು ಮಾಡಬಾರದು. ‘ಮನಶ್ಯಾರಾಗೂ ಇಂಥಾವ್ರು ಸಿಗೂದು ಕಡಿಮಿ’ ಎಂದು ಅಕ್ಕಾರು ಒಂದು ಸಲ ನಕ್ಕರು. ಅವರು ನಕ್ಕಿದ್ದೇ ಅಪರೂಪವಾದ್ದರಿಂದ ನೆನಪಿದೆ.

ಜೋಳದ ದಂಟಿನ ಮಾತು ಯಾರು ಎತ್ತಿದರೋ ಮರೆತಿದ್ದೇನೆ. ಸುಗ್ಗಿಯ ದಿನಗಳು. ನಿಡೋಣಿಯಲ್ಲಿ ನನ್ನ ಸೋದರಮಾವನ ಹೊಲ, ಬಿಳಿಜೋಳ ಆಳೆತ್ತರ ನಿಂತು ಒಣಗಿತ್ತು. ಒಂದು ರವಿವಾರ ಇಬ್ಬರೂ ಹೋದೆವು. ಅಕ್ಕಾರು ಸೀರೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದವರೇ ಒಂದೊಂದೇ ದಂಟು ಮುರಿದು, ಎರಡು ಗಿಣ್ಣುಗಳ ನಡುವಿನ ಉದ್ದದ ಗಣಿಕೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತ ಹೋದರು. ಹೊರಗೆ ಸಿಪ್ಪೆ ಬಿಗಿ, ಒಳಗೆ ಮೆದು ಬೆಂಡು. ಸದ್ದು ಹುಟ್ಟಿದಲ್ಲೇ ಸಾಯುತ್ತಿತ್ತು.

ಮಾವ ಬದುವಿನ ಮೇಲೆ ನಿಂತು ನೋಡಿದ. ‘ಅಕ್ಕಾರ, ನಾವು ಇದನ್ನ ದನಕ್ಕ ಹಾಕ್ತೇವ್ರಿ. ನೀವು ಹಾಡಿಗೆ ಹಾಕ್ತೀರೇನ್ರಿ?’

‘ದನ ಒಲ್ಲೆ ಅಂದಿದ್ದನ್ನ ಕೊಡ್ರಿ, ಸಾಕು’ ಅಂದರು ಅಕ್ಕಾರು.

ಬರುವಾಗ ಬಬಲೇಶ್ವರದಲ್ಲಿ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾಯುತ್ತ, ದಂಟಿನ ಕಟ್ಟನ್ನು ನಡುವೆ ಇಟ್ಟುಕೊಂಡು ಬೇವಿನ ಗಿಡದ ಕೆಳಗೆ ಕೂತೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ, ದನದ ಮೇವು ಮಾರಲು ಕೂತಿದ್ದೇವೆಂದು ತಿಳಿದು ನಿಂತು ‘ಕಣಿಕಿ ಹೆಂಗ ಕೊಟ್ರಿ?’ ಎಂದು ಕೇಳಿದ. ‘ಕೊಡೂದಿಲ್ರಿ, ಇವು ಹಾಡೂವು’ ಅಂದರು ಅಕ್ಕಾರು. ಅವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಬೇಗ ಬೇಗ ಹೋದ. ನಾನು ಹೊಟ್ಟೆ ಹಿಡಿದು ನಕ್ಕೆ. ಆ ನಗುವಿನ ಸಲಿಗೆಯಲ್ಲೇ ಇರಬೇಕು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ.

‘ಅಕ್ಕಾರ, ನಿಮಗ ಹಾಡಂದ್ರ ಅಷ್ಟೇನ ಹುಚ್ಚಿಲ್ಲ. ಮತ್ತ ಇಷ್ಟ ತ್ರಾಸ ಯಾಕ ತಗೋತೀರಿ?’

ಅವರು ಒಂದು ದಂಟಿನ ಸಿಪ್ಪೆ ಸುಲಿಯುತ್ತ ಕೂತಿದ್ದರು. ಕತ್ತು ಎತ್ತದೆ ಹೇಳಿದರು. ‘ನಾ ಸಣ್ಣಾಕಿ ಇದ್ದಾಗ ಅಪ್ಪ ಕೂಲಿ ಹುಡಕ್ಕೊಂಡು ಊರೂರು ತಿರಗತಿದ್ದ. ಒಂದೂರಾಗ ನನ್ನ ಸಾಲಿ ಹೊರಗ ಕಟ್ಟಿ ಮ್ಯಾಲ ಕುಂದರಸತಿದ್ರು. ಮಾಸ್ತರು ಹಲಗಿ ಮ್ಯಾಲ ಏನ ಬರೀತಾರ ಕಾಣತಿದ್ದಿಲ್ಲ. ಕಿಡಕ್ಯಾಗಿಂದ ಬರೂದನ್ನ ಕೇಳಿ ಕಲತೆ. ಒಂದು ಮಾತು ತಪ್ಪಿ ಕೇಳಸ್ತಂದ್ರ ಅವತ್ತಿನ ಲೆಕ್ಕ ಹೋತು. ತಿರುಗಿ ಹೇಳ್ರಿ ಅನ್ನೂಹಂಗ ಇರಲಿಲ್ಲ.’ ಸುಲಿದ ಸಿಪ್ಪೆಯನ್ನು ಕೆಳಗೆ ಹಾಕಿ ಅಂದರು, ‘ಇರೂ ದನಿ ಕೆಟ್ಟ ಕೇಳಸಿದ್ರ ನನಗ ಸುಮ್ಮ ಇರಾಕ ಆಗಂಗಿಲ್ಲ ನೋಡು. ನಿಂದಂತ ಅಲ್ಲ. ಯಾರದಿದ್ರೂ.’

ಬಸ್ಸು ಬಂತು. ದಂಟಿನ ಕಟ್ಟು ಎತ್ತಿಕೊಂಡು ಹತ್ತಿದೆವು.

ತೋಳು ತಯಾರಾಯಿತು. ಗಣಿಕೆಗೆ ಅರಗಿನ ತೆಳು ಲೇಪ, ತುದಿಗೆ ಪಿಕಪ್ಪು, ಹಿಂದಿನ ತುದಿಗೆ ತೂಕ ಸರಿಮಾಡಲು ಸೀಸದ ತುಂಡು. ಅದು ತಿರುಗುವ ಜಾಗವೇ ದೊಡ್ಡ ತಕರಾರು. ಎಲ್ಲಿಯೂ ಹಿಡಿಯಬಾರದು, ಎಲ್ಲಿಯೂ ಸಡಿಲಿರಬಾರದು. ಅಕ್ಕಾರು ನನ್ನ ಹೊಲಿಗೆ ಡಬ್ಬಿಯನ್ನು ಬೋರಲು ಹಾಕಿ ಕೆದಕಿ, ಬೆರಳಿಗೆ ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಗೆ ತೆಗೆದರು. ಅದನ್ನು ಬಟ್ಟಲಿನ ಹಾಗೆ ನಿಲ್ಲಿಸಿ, ತೋಳಿನ ನಡುವೆ ಸಿಕ್ಕಿಸಿದ ದಪ್ಪ ಸೂಜಿಯ ಮೊನೆಯನ್ನು ಅದರ ತಳದ ಗುಳಿಯೊಂದರಲ್ಲಿ ಇಳಿಸಿದರು. ತೋಳು ತೂಗಿ ತೂಗಿ ನಿಂತಿತು. ನಡುಕ ನಿಲ್ಲಲಿ ಎಂದು ಆ ಬಟ್ಟಲಿಗೆ ನಾಲ್ಕು ಹನಿ ಔಡಲೆಣ್ಣೆ ಬಿಟ್ಟರು. ಪ್ರಯೋಗದ ಖೋಲಿಯ ತಕ್ಕಡಿಯಲ್ಲಿ ಮುಳ್ಳಿನ ಭಾರ ನೋಡಿ ಸೀಸವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಒಂದು ಮಧ್ಯಾಹ್ನವನ್ನೇ ಕಳೆದರು.

ಅಷ್ಟಾದ ಮೇಲೂ ಅಕ್ಕಾರು ನನ್ನ ರೆಕಾರ್ಡು ತಾ ಎನ್ನಲಿಲ್ಲ. ಪೇಟೆಯಿಂದ ಹೊಚ್ಚಹೊಸದೊಂದು ತಂದು, ಅದನ್ನೇ ದಿನಾಲೂ ಬೇಸರ ಬರುವಷ್ಟು ಸಲ ಹಾಕಿದರು. ಸಾಲಿಯ ಜಾಡಮಾಲಿ ಕೂಡ ಆ ಹಾಡನ್ನು ಗುನುಗುವಂತಾದ. ವಾರದ ಕೊನೆಗೆ ಭೂತಗನ್ನಡಿಯನ್ನು ನನ್ನ ಕೈಗಿತ್ತರು.

‘ನನ್ನ ನಂಬಬ್ಯಾಡ. ನೀನ ನೋಡು, ನೀನ ಹೇಳು.’

ನೋಡಿದೆ. ಗೆರೆಗಳು ಮೊದಲಿನಂತೆ ಕಪ್ಪಗೆ ಮಿಂಚುತ್ತಿದ್ದವು. ಎಲ್ಲಿಯೂ ಬೂದಿಯಿಲ್ಲ.

‘ನಾಳೆ ತರತೇನ್ರಿ’ ಅಂದೆ.

ಮರುದಿನ ಪ್ಲೇಯರನ್ನು ಅಕ್ಕಾರ ಮನೆಗೆ ಸಾಗಿಸಿದೆವು. ಅವ್ವನೂ ಬಂದಳು. ಅವಳು ಅಲ್ಲಿಯವರೆಗೆ ಆ ಮನೆಯ ಹೊಸ್ತಿಲು ದಾಟಿದವಳಲ್ಲ. ಬಂದವಳು ಬಾಗಿಲ ಹತ್ತಿರವೇ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಮುದುಡಿ ಕೂತಳು. ನಾನು ಸೀರೆಯ ಸುತ್ತು ಬಿಚ್ಚಿ ರೆಕಾರ್ಡು ಕೊಟ್ಟೆ. ಅಕ್ಕಾರು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ, ಆರಲು ಬಿಟ್ಟು, ಪ್ಲೇಯರಿನ ಮೇಲಿಟ್ಟರು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಆಮೇಲೆ ತೋಳು ಇಳಿಸಿದರು.

ಸರಸರ ಸದ್ದು ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಬಾಗಿಲಾಚೆಯ ಸದ್ದಿನ ಹಾಗೆ ದೂರ ನಿಂತಿತ್ತು. ಮುಂದೆ ಹಾರ್ಮೋನಿಯಂ ಪೆಟ್ಟಿಗೆ ಗಾಳಿ ಎಳೆದುಕೊಂಡಿತು, ತಬಲಾ ಬಿತ್ತು, ಆಮೇಲೆ ಒಬ್ಬ ಹುಡುಗಿ ಹಾಡತೊಡಗಿದಳು.

ಇಷ್ಟು ವರ್ಷ ನನ್ನ ತಲೆಯೊಳಗೆ ಹಾಡುತ್ತಿದ್ದವಳು ಅವಳಲ್ಲ. ನನ್ನ ನೆನಪಿನೊಳಗಿನವಳ ದನಿ ಗುಡಿಯ ಗಂಟೆ, ಯಾವ ಸ್ವರಕ್ಕೂ ಸಲೀಸಾಗಿ ಏರುತ್ತಿದ್ದಳು, ಅವಳ ಹಾಡಿನಲ್ಲಿ ಒಂದು ಕುಂದಿರಲಿಲ್ಲ. ಇವಳೋ ಎಳೆಯ ದನಿಯ, ಸಣ್ಣಗೆ ಹೆದರಿದ ಹುಡುಗಿ. ಎರಡನೆಯ ಸಾಲಿನಲ್ಲಿ ತಾಳಕ್ಕಿಂತ ಮುಂದೆ ಓಡಿದಳು. ಮೇಲಿನ ಸ್ವರ ಮುಟ್ಟಿದಳು ಅನ್ನುವಷ್ಟರಲ್ಲಿ ಕೂದಲೆಳೆಯಷ್ಟು ಕೆಳಗೇ ನಿಂತಳು. ನನಗೆ ಮುಂಬೈಯಲ್ಲಿ ಹಾಡಿದ ಆ ಖೋಲಿ ನೆನಪಾಯಿತು. ಮುಗಿಸು ಮುಗಿಸು ಎಂದು ಕೈ ಆಡಿಸುತ್ತಿದ್ದ ಕಂಪನಿಯವನು, ಬಾಯಾರಿಕೆ, ಗುರುಗಳ ಹಣೆಯ ಬೆವರು. ದನಿ ಚೆನ್ನಾಗಿತ್ತು. ಚೆನ್ನಾಗಿತ್ತು, ಅಷ್ಟೇ. ಅಂಥ ದನಿಯ ಹುಡುಗಿಯರು ನಮ್ಮ ಸಾಲಿಯಲ್ಲೇ ಇದ್ದರು.

ಹಾಡು ಮುಗಿಯಿತು. ಅಕ್ಕಾರು ತೋಳು ಎತ್ತಿದರು.

‘ಎಷ್ಟ ಸಣ್ಣಾಕಿ ಇದ್ದಿ ಬೇ’ ಎಂದು ಅವ್ವ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ‘ಅಕ್ಕಾರ, ಕುಡ್ಯಾಕ ನೀರ ಕೊಡ್ರಿ’ ಎಂದಳು. ಅವ್ವನ ಬಾಯಲ್ಲಿ ಆ ಮಾತು ಬರುವುದೆಂದರೆ ಏನೆಂದು ನನಗೆ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ತಂಬಿಗೆ ತುಂಬಿ ತಂದು ಅವ್ವನ ಕೈಯಲ್ಲಿಟ್ಟರು. ಅವ್ವ ಎತ್ತಿ ಗಟಗಟ ಕುಡಿದಳು.

‘ಹೆಂಗನಸ್ತು?’ ಅಕ್ಕಾರು ನನ್ನನ್ನು ಕೇಳಿದರು.

‘ಅಕ್ಕಾರ, ನಾ ಅಂದ್ಕೊಂಡಷ್ಟ ಚಲೋ ಹಾಡಿಲ್ರಿ.’

ಬೇರೆ ಯಾರೇ ಆಗಿದ್ದರೂ ಛೆ ಛೆ, ಹಂಗ್ಯಾಕ ಅಂತೀ ಎಂದು ಸಮಾಧಾನ ಹೇಳುತ್ತಿದ್ದರು. ಅವರು ಹೇಳಲಿಲ್ಲ.

‘ಹೌದು. ಎರಡನೇ ಸಾಲಿನ್ಯಾಗ ಅವಸರ ಮಾಡಿದಿ. ಮ್ಯಾಲ ಮುಟ್ಟಲಿಲ್ಲ. ಯಾಕ ಅಂತ ಗೊತ್ತಾತೇನು?’

‘ಹೆದರಿದ್ದೆ. ಉಸಿರ ಹಿಡೀಲಿಲ್ಲ.’

‘ನಿನಗ ಗೊತ್ತಾತಲ್ಲ. ಹಂಗಾರ ನಮ್ಮ ಪೋರ್ಯಾರಿಗೆ ಹೇಳಿಕೊಡು. ಅದಕ್ಕ ದನಿ ಯಾಕ ಬೇಕು?’

ನನಗೆ ಅಳು ಬರುತ್ತದೆಂದು ಅವ್ವ ನನ್ನನ್ನೇ ನೋಡುತ್ತಿದ್ದಳು. ಬರಲಿಲ್ಲ. ಮೈ ಹಗುರಾಗಿತ್ತು. ಇಷ್ಟು ವರ್ಷ ನಾನು ಕಳೆದುಕೊಂಡೆ ಎಂದು ದುಃಖಿಸಿದ್ದು ನನ್ನಲ್ಲಿ ಎಂದೂ ಇರದಿದ್ದ ಒಂದು ದನಿಯನ್ನು. ಇದ್ದದ್ದು ಈ ಹುಡುಗಿ. ಅವಳಿಗೆ ಇನ್ನೂ ಕಲಿಯುವುದು ಇತ್ತು. ‘ಇನ್ನೊಂದ ಬಾಜೂ ಹಚ್ರಿ’ ಅಂದೆ.

ಆ ಜೂನಿನಿಂದ ಸಾಲಿಯಲ್ಲಿ ಹಾಡಿನ ಕ್ಲಾಸು ತೆಗೆದುಕೊಂಡೆ. ಪೆಟ್ಟಿಗೆ ಬಾರಿಸಿ ಸ್ವರ ಕೊಡುತ್ತಿದ್ದೆ, ಕೈಯಿಂದ ತೋರಿಸುತ್ತಿದ್ದೆ, ಹುಡುಗಿಯರು ಹಾಡುತ್ತಿದ್ದರು. ಬಾಯಿಬಿಟ್ಟು ನಾನು ಮಾತ್ರ ಹಾಡಲಿಲ್ಲ. ಅಕ್ಕಾರು ಆಗಾಗ ಕ್ಲಾಸಿನ ಹಿಂದೆ ಬಂದು ನಿಲ್ಲುತ್ತಿದ್ದರು, ‘ಎಡಗಡೆ ಕಡೀಕಿನಾಕಿ ಸ ಸರಿ ಅನವಲ್ಲಳು’ ಅಂದು ಹೋಗುತ್ತಿದ್ದರು. ಯಾವಾಗಲೂ ಸರಿಯಾಗಿಯೇ ಹೇಳುತ್ತಿದ್ದರು. ದಂಟಿನ ತೋಳು ಒಂದು ಮಳೆಗಾಲಕ್ಕೆ ಬೂಸಲು ಹಿಡಿದಾಗ ಬೇಸರವಿಲ್ಲದೆ ಎಸೆದು ಇನ್ನೊಂದು ಮಾಡಿದರು. ಆಮೇಲೆ ಮತ್ತೊಂದು. ನಿಡೋಣಿಯ ಮಾವ ಸುಗ್ಗಿಯಲ್ಲಿ ತಾನೇ ಆರಿಸಿ ಕಳಿಸುತ್ತಿದ್ದ.

ನಿವೃತ್ತಿಯಾದ ಮೇಲೆ ಅವರು ತಿಕೋಟಾಕ್ಕೆ ಹೋದರು. ವರ್ಷಕ್ಕೊಂದೆರಡು ಸಲ ಹೋಗಿ ಅವರ ಕೆಟ್ಟ ಚಹಾ ಕುಡಿದು ಬರುತ್ತಿದ್ದೆ. ಹೋದ ವರ್ಷ ಅವರ ತಮ್ಮನ ಮಗ ಸುದ್ದಿ ಕಳಿಸಿದ. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಂಗಳದಲ್ಲಿ ಹೆಂಗಸರು ಬುದ್ಧವಂದನೆ ಮುಗಿಸಿ ಕೂತಿದ್ದರು. ನಾನು ಯಾರೆಂದು ಗೊತ್ತಿದ್ದ ಅವರ ತಮ್ಮನ ಹೆಂಡತಿ ಹತ್ತಿರ ಬಂದು ಕೂತಳು.

‘ಅಕ್ಕಾರ, ನೀವು ಹಾಡೂವ್ರು ಹೌದಲ್ರಿ. ನಮ್ಮ ಅತ್ತಿಗಿ ಸಲವಾಗಿ ಒಂದು ಹೇಳ್ರಿ.’

‘ನನ್ನ ದನಿ ಹೋಗಿ ಎಷ್ಟೋ ವರ್ಷಾತವ್ವಾ.’

‘ಇರೂ ದನೀಲೆ ಹೇಳ್ರಿ. ಇಲ್ಲೆ ಯಾರದು ಚಲೋ ಐತಿ?’

ಬೀಸುವ ಕಲ್ಲಿನ ಮುಂದೆ ನಮ್ಮ ಕಡೆ ಹೆಂಗಸರೆಲ್ಲ ಹಾಡುವ ಒಂದು ಪದ ನೆನಪಾಯಿತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಒಡಕು ದನಿ ಅಂಗಳದ ತುಂಬ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ, ಮುದುಕಿಯೊಬ್ಬಳು ಕೂತಲ್ಲೇ ತೂಗತೊಡಗಿದಳು. ಅವಸರ ಮಾಡಲಿಲ್ಲ, ಉಸಿರು ಹಿಡಿದು ಹಾಡಿದೆ. ಪದ ಮೇಲೇರುವ ಜಾಗ ಬಂದಾಗ ನನ್ನ ದನಿ ಏರಲಿಲ್ಲ, ಅಲ್ಲೇ ನಿಂತಿತು. ಅಷ್ಟರಲ್ಲಿ ಸುತ್ತ ಕೂತ ಹೆಂಗಸರು ಅದನ್ನು ಎತ್ತಿಕೊಂಡು ಮೇಲೆ ಹೋದರು.